ಇಬ್ಬನಿಗೆ ಹಾಕಿದ ಬಟ್ಟೆ

ಸಿದ್ಧಾರ್ಥನಗರ, ಮೈಸೂರು
14 ನವೆಂಬರ್ 2024

ಮಗಳು ಸುಚಿತ್ರಾಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ಪದ್ಧತಿ. ನಿಮ್ಮಮ್ಮ ಊರಿಗೆ ಕಾಗದ ಬರೆಸುವಾಗ ಆ ಸಾಲು ಬರೆಯದೆ ನನ್ನನ್ನು ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ಈಗ ಹಾಳೆಯ ಮೇಲೆ ಹಾಳೆ ಹರಿದು ಹಾಕಿದೆ ಕಣಮ್ಮ, ಆ ಸಾಲು ಬರೆಯುವುದಕ್ಕೆ ಕೈ ಬರಲಿಲ್ಲ. ಅದನ್ನು ಬಿಟ್ಟೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ದಿನಾ ಫೋನಿನಲ್ಲಿ ಮಾತಾಡುವ ಅಪ್ಪ ಕಾಗದ ಯಾಕೆ ಬರೆದ ಎಂದು ನಗಬೇಡ. ನಿನ್ನ ತಂಗಿ ಹೆರಿಗೆ ಮುಗಿಯುವ ತನಕ ಇಲ್ಲೇ ಇರುತ್ತಾಳೆ ಎಂದು ಹೇಳಿದ್ದೆನಲ್ಲ. ಈ ಮನೆಯಲ್ಲಿ ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಗೆ ಕೇಳುತ್ತದೆ. ಮಹಡಿಗೆ ಹೋಗಿ ನಿನಗೆ ಫೋನ್ ಮಾಡೋಣ ಎಂದರೆ, "ಯಾರ ಹತ್ರ ಅಪ್ಪಾ ಗುಟ್ಟು?" ಎಂದು ಗಗನ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಾಳೆ. ಅವಳೆಲ್ಲಿ ಮೆಟ್ಟಿಲು ಹತ್ತಿಬಿಡುತ್ತಾಳೋ ಎಂದು ನಾನೇ ಇಳಿದು ಬರುತ್ತೇನೆ. ನನ್ನ ಮೊಬೈಲಿಗೆ ವಾಟ್ಸಾಪ್ ಹಾಕಿಕೊಟ್ಟವಳೂ ಅವಳೇ, ಅದನ್ನು ಓದುವವಳೂ ಅವಳೇ.

ವಿಷಯ ಇಷ್ಟು. ಡಾಕ್ಟರು ಗಗನಳ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ. ಆಮೇಲೆ ಮೋಹನ್ ಅವರನ್ನೂ ನನ್ನನ್ನೂ ಹೊರಗೆ ಕರೆದು, "ಎರಡು ಸಲ ಹೋಗಿದೆ, ಖಾತ್ರಿ ಅಂತ ಏನೂ ಹೇಳಕ್ಕಾಗಲ್ಲ. ಆಕೆಗೆ ಗಾಬರಿ ಆಗೋ ಮಾತು ಮನೇಲಿ ಬೇಡ" ಎಂದರು. ಅಳಿಯಂದಿರು ತಲೆಯಾಡಿಸಿ ಮೇಟಗಳ್ಳಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋದರು. ನಾನು ಮನೆಗೆ ಬಂದು ನಗುನಗುತ್ತಾ ಕಾಫಿ ಮಾಡಿದೆ. ಅವತ್ತಿನಿಂದ ನಗುತ್ತಲೇ ಇದ್ದೇನೆ, ದವಡೆ ನೋಯುತ್ತಿದೆ.

ಹೋದ ಸಲ ಏಳನೇ ತಿಂಗಳಲ್ಲಿ ಕೈತಪ್ಪಿ ಹೋದಾಗ, ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಗೆ ಒರಗಿಸಿದ್ದ ತೊಟ್ಟಿಲು, ಮಡಿಸಿಟ್ಟಿದ್ದ ಪುಟ್ಟ ಬಟ್ಟೆಗಳು. ಈ ಸಲ ಬಂದ ದಿನವೇ ಆಜ್ಞೆ ಮಾಡಿದ್ದಾಳೆ: "ಮಗೂಗೆ ಅಂತ ಒಂದು ಚಿಂದಿ ಬಟ್ಟೆನೂ ಈ ಮನೇಲಿ ಇರಕೂಡದು ಅಪ್ಪ. ಮಗು ಮಾತೂ ಬೇಡ." ಹಾಗೇ ಆಗಲಿ ಎಂದೆ.

ನಿಮ್ಮಮ್ಮ ಇದ್ದಿದ್ದರೆ ಏನು ನೋಡಬೇಕು ಏನು ಬಿಡಬೇಕು ಎಂದು ಅವಳಿಗೆ ಗೊತ್ತಿರುತ್ತಿತ್ತು. ನಾನು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂತು ಪ್ರತಿ ಪೀಸನ್ನೂ ತಟ್ಟಿ ತಟ್ಟಿ ಬಿರುಕು ಹುಡುಕಿದವನು. ಗಗನ "ಅಮ್ಮಾ" ಎಂದು ಮಗ್ಗುಲು ಬದಲಿಸಿದರೂ ಎದ್ದು ಹೋಗಿ ಅವಳ ಬಾಗಿಲಲ್ಲಿ ನಿಲ್ಲುತ್ತೇನೆ. ನೀನು ನರ್ಸು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು, ಬರೆದು ಕಳಿಸು. ಕವರಿನ ಮೇಲೆ ನನ್ನ ಹೆಸರು ಮಾತ್ರ ಇರಲಿ.

ನಿನ್ನ ಅಪ್ಪ,
ಚೆಲುವರಾಜು

*

ಕಿಲ್ಡೇರ್, ಐರ್ಲೆಂಡ್
3 ಡಿಸೆಂಬರ್ 2024

ಅಪ್ಪನಿಗೆ ಸುಚಿತ್ರಾಳ ನಮಸ್ಕಾರ.

ಕಾಗದ ಸಿಕ್ಕಿತು. ಬಸ್‌ಸ್ಟಾಪಿನಲ್ಲೇ ಒಡೆದು ಓದಿದೆ, ಬಸ್ಸು ಬಂದು ಹೋದದ್ದೇ ಗೊತ್ತಾಗಲಿಲ್ಲ.

ಮೊದಲು ನೀವು ಕೇಳಿದ್ದು. ನಾನು ಇಲ್ಲಿ ನೋಡಿಕೊಳ್ಳುವುದು ವಯಸ್ಸಾದವರನ್ನು, ಹೆರಿಗೆ ವಾರ್ಡು ಬಿಟ್ಟು ಕಾಲವಾಯಿತು. ಆದರೂ ಹೇಳುತ್ತೇನೆ. ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಬಿಗಿದು ಬಿಗಿದು ಬಿಟ್ಟರೆ ತಕ್ಷಣ ಆಸ್ಪತ್ರೆ. ತಲೆ ಸಿಡಿದು ಕಣ್ಣು ಮಂಜಾದರೂ ಅಷ್ಟೆ. ನೋಡೋಣ ಎನ್ನುವುದು ಬೇಡ, ಊರಿನ ತಿಮ್ಮಮ್ಮತ್ತೆಯ ಕಷಾಯವೂ ಬೇಡ. ಸೊಂಟ ನೋವು, ಎದೆಯುರಿ, ಮಧ್ಯಾಹ್ನದ ನಿದ್ದೆ, ಸಿಡುಕು, ಇವಕ್ಕೆ ಹೆದರಬೇಡಿ. ಸಿಡುಕು ನಮ್ಮ ಮನೆತನದ್ದು.

ನೀವು ನಗುನಗುತ್ತಾ ಇದ್ದೀರಿ ಎಂದು ಬರೆದಿದ್ದೀರಿ. ಅಪ್ಪ, ನೀವು ನಗುವವರೇ ಅಲ್ಲ. ನೀವು ನಕ್ಕರೆ ಅವಳಿಗೆ ಇನ್ನೂ ಗಾಬರಿಯಾಗುತ್ತದೆ. ಎಂದಿನ ಹಾಗೆ ಅವರಿವರನ್ನು ಬೈದುಕೊಂಡಿರಿ.

ನನಗೂ ಭಯವಿದೆ, ಇಲ್ಲ ಎಂದರೆ ಸುಳ್ಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಹೆಸರು ನೋಡದೆ ಎತ್ತಿಬಿಡುತ್ತೇನೆ. ಗಗನಳ ಹತ್ತಿರ ಮಾತಾಡುವಾಗ ಮಗುವಿನ ಸುದ್ದಿಯ ಹತ್ತಿರ ಹೋದರೆ ಸಾಕು, "ಅಕ್ಕ, ಅಲ್ಲಿ ಚಳಿ ಎಂಗಿದೆ?" ಎನ್ನುತ್ತಾಳೆ. ಇಷ್ಟು ದಿನದಲ್ಲಿ ಐರ್ಲೆಂಡಿನ ಚಳಿಯ ಬಗ್ಗೆ ಅವಳಿಗೆ ಗೊತ್ತಿರುವಷ್ಟು ಇಲ್ಲಿಯವರಿಗೂ ಗೊತ್ತಿರಲಿಕ್ಕಿಲ್ಲ.

ನಿಮ್ಮ ಮಗಳು,
ಸುಚಿತ್ರಾ

*

ಸಿದ್ಧಾರ್ಥನಗರ
24 ಡಿಸೆಂಬರ್ 2024

ಸುಚಿತ್ರಾ,

ನೀನು ಹೇಳಿದ ಹಾಗೆ ಬೈಯಲು ಶುರುಮಾಡಿದ್ದೇನೆ. ನಿಜಕ್ಕೂ ಮನೆ ಸ್ವಲ್ಪ ಹಗುರವಾಗಿದೆ.

ಗೇಟಿನ ಚಿಲಕಕ್ಕೆ ಹಳೇ ಬನಿಯನ್ನು ಸುತ್ತಿದ್ದೇನೆ, ಠಣ್ ಎಂದು ಸದ್ದಾದರೆ ಅವಳು ಬೆಚ್ಚಬಾರದು ಎಂದು. ಜಾರಬಾರದು ಎಂದು ಬಚ್ಚಲನ್ನು ದಿನಕ್ಕೆ ಎರಡು ಸಲ ಬ್ರಷ್ಷಿನಿಂದ ಉಜ್ಜುತ್ತೇನೆ. ಕುಕ್ಕರ್ ಕೂಗುವ ಮುಂಚೆ "ಈಗ ಕೂಗುತ್ತೆ" ಎಂದು ಹೇಳಲು ಹೋಗಿ ನಾನೇ ಕೂಗಿ ಅವಳನ್ನು ಬೆಚ್ಚಿಬೀಳಿಸಿದೆ. ಊರಿಂದ ನಮ್ಮಕ್ಕ ತಿಮ್ಮಮ್ಮ ಬಂದಿದ್ದಾಳೆ, ಬಾಣಂತನ ಮುಗಿಯುವ ತನಕ ಇರುತ್ತಾಳಂತೆ. "ಅಯ್ಯೋ ಬುಡು ಚೆಲುವಾ, ನೀನು ಹಿಂಗೆ ಅವ್ಳ ಹಿಂದೇನೇ ಸುತ್ತುದ್ರೆ ಆ ಮಗೀಗೂ ಉಸಿರು ಕಟ್ತದೆ" ಎಂದು ನನ್ನನ್ನೇ ದಬಾಯಿಸುತ್ತಾಳೆ.

ಗಗನ ತರಕಾರಿಯವನ ಹತ್ತಿರ ಮಾತಾಡುತ್ತಾ ಹೊಸಿಲ ಮೇಲೆ ನಿಲ್ಲುತ್ತಾಳೆ. ಒಳಗಾದರೂ ಇರು, ಹೊರಗಾದರೂ ಹೋಗು, ಬಸುರಿ ಹೊಸಿಲ ಮೇಲೆ ನಿಲ್ಲಬಾರದು ಎಂದರೆ, "ಸುಮ್ನಿರಿ ಅಪ್ಪ, ಹೋದ ಸಲ ನಿಂತಿರ್ಲಿಲ್ವಲ್ಲ. ಏನಾಯ್ತು?" ಎಂದಳು. ಬದನೆಕಾಯಿ ಹುಳುಕು ಎಂದು ತರಕಾರಿಯವನನ್ನು ಬೈದು ಕಳಿಸಿದೆ.

ಇನ್ನೊಂದು ತಿಂಗಳು ದಾಟಿದರೆ ಏಳು ತುಂಬುತ್ತದೆ. ಅಲ್ಲಿಯ ತನಕ ನಾನು ಉಸಿರಾಡುವುದಿಲ್ಲ.

ಅಪ್ಪ

*

ಕಿಲ್ಡೇರ್
11 ಜನವರಿ 2025

ಅಪ್ಪ,

ಉಸಿರಾಡಿ. ಇವತ್ತು ಭಯದ ವಿಷಯ ಬಿಟ್ಟು ಬೇರೆ ಏನಾದರೂ ಬರೆಯುತ್ತೇನೆ.

ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ನೋರಾ ಅಂತ ಒಬ್ಬ ಅಜ್ಜಿ ಇದ್ದಾರೆ. ಹಸು ಸಾಕಿ ಬದುಕಿದವರು, ಎಂಬತ್ತು ದಾಟಿದೆ, ಮಂಡಿ ನಿಮ್ಮದಕ್ಕಿಂತ ಕೆಟ್ಟಿದೆ, ನಾಲಿಗೆ ತಿಮ್ಮಮ್ಮತ್ತೆಯದು. ಕ್ರಿಸ್ಮಸ್ ಮುಗಿದದ್ದೇ ಮುಂದಿನ ಹಬ್ಬದ ಜಪ ಹಿಡಿದಿದ್ದಾರೆ. ಫೆಬ್ರವರಿ ಒಂದು, ಬ್ರಿಜಿಡ್‌ಳ ದಿನ. ಅವತ್ತಿಗೆ ಚಳಿಗಾಲದ ಬೆನ್ನು ಮುರಿಯಿತು, ಕುರಿಗಳಿಗೆ ಹಾಲಿಳಿಯಿತು ಎಂದು ಇವರ ಲೆಕ್ಕ. ಈಚೆಗೆ ಸರ್ಕಾರ ಅದಕ್ಕೆ ರಜೆಯನ್ನೂ ಕೊಟ್ಟಿದೆ.

ಬ್ರಿಜಿಡ್ ಯಾರು ಎಂದು ಕೇಳಿದೆ. ಏಸುವಿನ ಧರ್ಮ ಇಲ್ಲಿಗೆ ಬರುವ ಮುಂಚೆ ಆ ಹೆಸರಿನ ದೇವಿ ಇದ್ದಳಂತೆ. ಆಮೇಲೆ ಇದೇ ಕಿಲ್ಡೇರಿನಲ್ಲಿ ಅದೇ ಹೆಸರಿನ ಒಬ್ಬ ಸನ್ಯಾಸಿನಿ ಮಠ ಕಟ್ಟಿದಳಂತೆ. ಇಬ್ಬರಲ್ಲಿ ನೀವು ಪೂಜಿಸುವುದು ಯಾರನ್ನು ಎಂದರೆ ನೋರಾ, "ಬಂದವಳನ್ನು" ಎಂದರು. ಆ ಸನ್ಯಾಸಿನಿ ಮಠಕ್ಕೆ ಜಾಗ ಕೇಳಿದಾಗ ರಾಜ ಕೊಡಲಿಲ್ಲ. ನನ್ನ ಮೇಲುಹೊದಿಕೆ ಎಷ್ಟು ಮುಚ್ಚುತ್ತದೋ ಅಷ್ಟು ಕೊಡು ಎಂದಳಂತೆ. ರಾಜ ನಕ್ಕು ಒಪ್ಪಿದ. ಹಾಸಿದರೆ ಹೊದಿಕೆ ಹರಡಿ ಹರಡಿ ಇಡೀ ಬಯಲನ್ನೇ ಮುಚ್ಚಿತಂತೆ. ಆ ಬಯಲು ನನ್ನ ಬಸ್ಸಿನ ಕಿಟಕಿಯಿಂದ ದಿನಾ ಕಾಣುತ್ತದೆ.

ಹಬ್ಬದ ಹಿಂದಿನ ಸಂಜೆ ಜೊಂಡು ಕಿತ್ತು ತಂದು ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸುತ್ತಾರೆ, ನಾವು ಮಾವಿನೆಲೆ ಕಟ್ಟುವ ಹಾಗೆ. ಜೊಂಡನ್ನು ಕತ್ತಿಯಲ್ಲಿ ಕೊಯ್ಯಬಾರದು, ಕೈಯಲ್ಲೇ ಕೀಳಬೇಕು. ನೋರಾ ಚಿಕ್ಕವರಿದ್ದಾಗ ಮನೆಯ ಒಬ್ಬ ಹುಡುಗಿ ಜೊಂಡು ಹಿಡಿದು ಹೊರಗೆ ನಿಂತು, "ಮಂಡಿಯೂರಿ, ಬಾಗಿಲು ತೆರೆಯಿರಿ, ಅವಳು ಬಂದಿದ್ದಾಳೆ" ಎಂದು ಕೂಗುತ್ತಿದ್ದಳಂತೆ. ಒಳಗಿದ್ದವರು ಮಂಡಿಯೂರಿ, "ಬರಲಿ, ಇದು ಅವಳದೇ ಮನೆ" ಎನ್ನಬೇಕು.

ಇನ್ನೊಂದಿದೆ. ಆ ಸಂಜೆ ಒಂದು ಬಟ್ಟೆಯನ್ನು ಮನೆಯ ಹೊರಗೆ ಪೊದೆಯ ಮೇಲೆ ಹಾಕಿಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಅದನ್ನು ಮುಟ್ಟುತ್ತಾಳೆ. ಇಬ್ಬನಿಯಲ್ಲಿ ನೆನೆದ ಆ ಬಟ್ಟೆಯನ್ನು ಬೆಳಿಗ್ಗೆ ಒಳಗೆ ತಂದು ಜೋಪಾನ ಮಾಡುತ್ತಾರೆ. ತಲೆನೋವಿಗೆ, ಗಂಟಲು ನೋವಿಗೆ, ಹೆಚ್ಚಾಗಿ ಹೆರಿಗೆಗೆ. ಹಸುವಿನದಾಗಲಿ ಹೆಂಗಸಿನದಾಗಲಿ, ಬೆನ್ನ ಮೇಲೆ ಹೊದಿಸುತ್ತಾರಂತೆ.

ಗಗನಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ, ಚಳಿಯ ಮಾತು ಮುಗಿದಿತ್ತು ಎಂದು. ಹೆರಿಗೆಯ ಮಾತು ಬಂದಾಗ ಎಂದಿನ ಹಾಗೆ ತಪ್ಪಿಸಲಿಲ್ಲ. "ಹೂಂ" ಎಂದಳು, ಅಷ್ಟೆ. ಅಂದಹಾಗೆ ಬ್ರಿಜಿಡ್ ಹುಟ್ಟಿದ್ದು ಎಲ್ಲಿ ಗೊತ್ತೇ? ಅವಳ ತಾಯಿ ಹಾಲು ಕರೆದು ಒಳಗೆ ಬರುತ್ತಿದ್ದಾಗ, ಹೊಸಿಲ ಮೇಲೆ. ನೀವು ಬೈಯುವುದಾದರೆ ಅವಳನ್ನೂ ಬೈಯಿರಿ.

ಸುಚಿತ್ರಾ

*

ಸಿದ್ಧಾರ್ಥನಗರ
3 ಫೆಬ್ರವರಿ 2025

ಸುಚಿತ್ರಾ,

ಏಳು ತುಂಬಿತು. ಬೆಟ್ಟದ ಕಡೆ ತಿರುಗಿ ಕೈಮುಗಿದೆ. ಡಾಕ್ಟರು ಮಾತ್ರ, "ಇನ್ನೂ ಬೇಕು ಯಜಮಾನ್ರೇ" ಎಂದರು. ಎಷ್ಟು ಬಂದರೂ ಇನ್ನೂ ಬೇಕು ಎನ್ನುವ ಆಸೆಬುರುಕತನ ಜೀವನದಲ್ಲಿ ಇದೇ ಮೊದಲು ನನಗೆ.

ನಿನ್ನ ಹಬ್ಬದ ಕಾಗದ ಬಂತು. ಹೊಸಿಲ ಮೇಲೆ ಹೆತ್ತಳಂತೆ! ಆ ಊರಿನಲ್ಲಿ ಹೇಳುವವರು ಕೇಳುವವರು ಯಾರೂ ಇರಲಿಲ್ಲವೇ?

ಗಗನ ಈಚೆಗೆ ಮರೆಯುವುದು ಹೆಚ್ಚಾಗಿದೆ. ಒಂದನೇ ತಾರೀಖು ಬೆಳಿಗ್ಗೆ ಹಾಲು ತರಲು ಹೊರಟವನು ನೋಡುತ್ತೇನೆ, ನಿಮ್ಮಮ್ಮನ ನೀಲಿ ಚೌಕಳಿ ಸೀರೆಯ ತುಂಡು, ನೀನು ಹೋಗುವಾಗ ಇಬ್ಬರೂ ಅರ್ಧರ್ಧ ಹಂಚಿಕೊಂಡಿರಲ್ಲ, ಅದು ಗೇಟಿನ ಪಕ್ಕದ ದಾಸವಾಳದ ಗಿಡದ ಮೇಲೆ ಇಬ್ಬನಿಯಲ್ಲಿ ತೊಯ್ದು ಬಿದ್ದಿದೆ. ಒಣಹಾಕಿದ್ದನ್ನು ಎತ್ತಿಡಲು ಮರೆತಿದ್ದಾಳೆ. ಕಳ್ಳರು ಹೊತ್ತುಕೊಂಡು ಹೋಗಿದ್ದರೆ? ನಿಮ್ಮಮ್ಮನ ಸೀರೆ ಅದು ಎಂಬ ಪರಿವೆಯಾದರೂ ಬೇಡವೇ ಎಂದು ಚೆನ್ನಾಗಿ ಬೈದೆ. ಎದುರು ಮಾತಾಡದೆ ನಿಂತು ಬೈಸಿಕೊಂಡಳು. ಅದೇ ನನಗೆ ಹೆದರಿಕೆ. ಎದುರು ಮಾತಾಡದಿದ್ದರೆ ಅವಳು ಗಗನಳೇ ಅಲ್ಲ. ಮೈಯಲ್ಲಿ ಏನೋ ಆಗುತ್ತಿದೆಯೇ, ನನ್ನಿಂದ ಮುಚ್ಚಿಡುತ್ತಿದ್ದಾಳೆಯೇ? ಬಟ್ಟೆಯನ್ನು ಕೊಡವಿ, ನೆರಳಲ್ಲಿ ಆರಿಸಿ ಬೀರುವಿನಲ್ಲಿಟ್ಟೆ. ನೀನು ಮೆತ್ತಗೆ ಕೇಳಿ ನೋಡು.

ಅಪ್ಪ

*

ಕಿಲ್ಡೇರ್
4 ಫೆಬ್ರವರಿ 2025

ಅಪ್ಪ,

ಇದರ ಜೊತೆ ಒಂದು ಬಟ್ಟೆ ಇದೆ. ಅಮ್ಮನ ಸೀರೆಯ ನನ್ನ ಅರ್ಧ. ಹಬ್ಬದ ಹಿಂದಿನ ಸಂಜೆ ನೋರಾ ಅವರ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹಿತ್ತಲಿಗೆ ಹೋದೆ, ಅವರು ತೋರಿಸಿದ ಮುಳ್ಳುಪೊದೆಯ ಮೇಲೆ ಹಾಸಿದೆ. ನಾನು ಏನೂ ಹೇಳಿರಲಿಲ್ಲ. "ಯಾರಿಗೆ?" ಎಂದು ಅವರೇ ಕೇಳಿದರು. ತಂಗಿಗೆ ಎಂದೆ. ಆಮೇಲೆ ಅವರ ಭುಜ ಹಿಡಿದು ಅತ್ತುಬಿಟ್ಟೆ. ಇಷ್ಟು ದಿನ ಅಳಲು ಪುರಸೊತ್ತಾಗಿರಲಿಲ್ಲ.

ಗಗನ ಮಗುವಿನ ಬಟ್ಟೆ ಬೇಡ ಎಂದಿದ್ದಾಳೆ. ಇದು ಮಗುವಿನದಲ್ಲ, ಅಮ್ಮನ ಸೀರೆ ಎಂದು ಹೇಳಿ ಕೊಡಿ. ನೋರಾ ಹೇಳಿದ ಒಂದೇ ನಿಯಮ: ಒಗೆಯಬಾರದು. ಬ್ರಿಜಿಡ್ ಮುಟ್ಟಿದ್ದು ಹಾಗೇ ಇರಬೇಕು.

ಸುಚಿತ್ರಾ

*

ಆಸ್ಪತ್ರೆ, ಬನ್ನಿಮಂಟಪದ ಹತ್ತಿರ
25 ಫೆಬ್ರವರಿ 2025

ಸುಚಿತ್ರಾ,

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ನಿನಗೆ ಹೇಳಿದ್ದೆಲ್ಲ ನಿಜ. ಹೊಟ್ಟೆ ಬಿಗಿಯಲು ಶುರುವಾಯಿತು, ನೀನು ಬರೆದದ್ದು ನೆನಪಿತ್ತು, ತಡಮಾಡದೆ ಕರೆತಂದೆವು. ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಇಂಜೆಕ್ಷನ್ ಕೊಟ್ಟಿದ್ದಾರೆ, ನೋವು ಸದ್ಯಕ್ಕೆ ನಿಂತಿದೆ, ಅವಳು ಮಂಚ ಬಿಟ್ಟು ಏಳಬಾರದು. ಮೋಹನ್ ಪಕ್ಕದಲ್ಲಿದ್ದರು, ಹಾಗಾಗಿ ಒಂದು ವಿಷಯ ಹೇಳಲಿಲ್ಲ.

ಆ ಬಟ್ಟೆಯನ್ನು ನಾನು ಒಗೆದುಬಿಟ್ಟೆ.

ನೋವು ಕಾಣಿಸಿಕೊಳ್ಳುವ ಮುಂಚೆ ಪಾರ್ಸೆಲ್ ಬಂತು. ಪೋಸ್ಟಿನ ಮಂಟಯ್ಯ ಕೊಟ್ಟ. ಬಿಚ್ಚಿದರೆ ನಿಮ್ಮಮ್ಮನ ಸೀರೆ, ಅದರ ತುಂಬ ಒಣಗಿದ ಎಲೆ, ಮಣ್ಣು, ಒಂದು ಮುಳ್ಳು. ಯಾವ ಊರಿನ ಯಾವ ಗಿಡವೋ, ಎಂಥೆಂಥ ಹಕ್ಕಿ ಕೂತಿತ್ತೋ, ಬಸುರಿಯ ಹತ್ತಿರ ಇದು ಸುಳಿಯಬಾರದು ಎಂದುಕೊಂಡು ಬಿಸಿನೀರಿಗೆ ಡೆಟಾಲ್ ಸುರಿದು ನೆನೆಹಾಕಿದೆ. ಕಲ್ಲಿನ ಮೇಲೆ ಉಜ್ಜಿದೆ. ಎರಡು ಸಲ ಜಾಲಿಸಿದೆ. ಹಿಂಡಿ ಒಣಹಾಕಿ, ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ನಿನ್ನ ಕಾಗದ ಓದಿದೆ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಗ್ರಹಣದ ಹೊತ್ತಿನಲ್ಲೂ ಉಂಡವನು. ಆದರೆ ಬಟ್ಟೆ ಒಗೆದ ಮಾರನೇ ದಿನವೇ ಅವಳಿಗೆ ನೋವು ಬಂದರೆ ನಾನು ಏನೆಂದುಕೊಳ್ಳಲಿ? ಕಾಗದವನ್ನು ಮೊದಲು ಓದಿದ್ದರೆ ಏನು ಹೋಗುತ್ತಿತ್ತು? ಯಾವುದಾದರೂ ಪೀಸಿನ ಮೇಲೆ ಕೈಯಿಡುವ ಮೊದಲು ಅದರ ಜೊತೆಗಿರುವ ಚೀಟಿ ಓದು ಎಂದು ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ನಿಮ್ಮಮ್ಮನ ವಾಸನೆ ಏನಾದರೂ ಅದರಲ್ಲಿ ಉಳಿದಿದ್ದರೆ ಅದನ್ನೂ ಚರಂಡಿಗೆ ಬಿಟ್ಟೆ.

ಆ ನೋರಾ ಅವರನ್ನು ಕೇಳು. ಒಗೆದರೆ ಎಲ್ಲ ಹೋಗುತ್ತದೆಯೇ, ಏನಾದರೂ ಉಳಿಯುತ್ತದೆಯೇ? ನಿಜ ಹೇಳಲಿ. ಸಮಾಧಾನದ ಮಾತು ಬೇಡ.

ಅಪ್ಪ

*

ಕಿಲ್ಡೇರ್
6 ಮಾರ್ಚ್ 2025

ಅಪ್ಪ,

ದಿನಾ ಫೋನಿನಲ್ಲಿ ನಿಮ್ಮ ದನಿ ಕೇಳಿದಾಗೆಲ್ಲ ಇದನ್ನು ಹೇಳಿಬಿಡೋಣ ಎನಿಸುತ್ತದೆ, ಅಷ್ಟರಲ್ಲಿ ಯಾರಾದರೂ ಪಕ್ಕದಲ್ಲಿ ಕೆಮ್ಮುತ್ತಾರೆ.

ನಿಮ್ಮ ಕಾಗದವನ್ನು ನೋರಾ ಅವರಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಂಡಸೊಬ್ಬ ತಾನಾಗಿ ಬಟ್ಟೆ ಒಗೆದದ್ದನ್ನು ನನ್ನ ಜನ್ಮದಲ್ಲೇ ಕೇಳಿಲ್ಲ, ಅದು ಬ್ರಿಜಿಡ್ ಮಾಡಿದ್ದಕ್ಕಿಂತ ದೊಡ್ಡ ಪವಾಡ" ಎಂದರು. ಇಲ್ಲಿ ಅವಳ ಹೆಸರಿನ ಬಾವಿಗಳಿವೆ, ಕಾಯಿಲೆಯವರು ಬಟ್ಟೆಯ ತುಂಡನ್ನು ಆ ನೀರಿನಲ್ಲಿ ಅದ್ದಿ ಮರಕ್ಕೆ ಕಟ್ಟುತ್ತಾರೆ. ನೀರು ಕಂಡರೆ ಓಡಿಹೋಗುವವಳಲ್ಲ ಅವಳು ಎಂದರು.

ಸಮಾಧಾನದ ಮಾತು ಬೇಡ ಎಂದಿರಿ, ಅದನ್ನೂ ಹೇಳಿದೆ. ಆಗ ನಗು ನಿಲ್ಲಿಸಿದರು. ಅವರಿಗೂ ಮೊದಲನೆಯದು ಉಳಿಯಲಿಲ್ಲವಂತೆ. ಬಟ್ಟೆ ಬೆನ್ನ ಮೇಲೇ ಇತ್ತು, ಒಗೆದಿರಲಿಲ್ಲ. "ಬಟ್ಟೆ ಮಾತು ಕೊಡುವುದಿಲ್ಲ ಎಂದು ನಿನ್ನ ಅಪ್ಪನಿಗೆ ಬರಿ. ಮರುವರ್ಷ ಅದನ್ನು ಮುಟ್ಟಲೂ ಮನಸ್ಸಿರಲಿಲ್ಲ. ಆದರೂ ತಗೊಂಡು ಹೋಗಿ ಹೊರಗೆ ಹಾಕಿದೆ. ಅಷ್ಟು ಮಾಡಿದ್ದೇ ನನಗೆ ದೊಡ್ಡದಾಗಿತ್ತು" ಎಂದರು. ನಿಮ್ಮಿಂದ ಏನೂ ಆಗಿಲ್ಲ ಅಪ್ಪ. ಹೊಲಿಗೆ ಹಾಕಿದ ಗರ್ಭಕೋಶ ಸೋಲುವುದು ಬಟ್ಟೆಯಿಂದಲ್ಲ. ಸಮಯಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋದವರು ನೀವು.

ಒಂದು ಮಾತು. ದಾಸವಾಳದ ಗಿಡದ ಮೇಲಿದ್ದ ತುಂಡನ್ನು ಕೊಡವಿ ಇಟ್ಟೆ ಎಂದು ಬರೆದಿದ್ದಿರಿ. ಅದನ್ನು ಒಗೆದಿಲ್ಲ ತಾನೇ? ಒಗೆಯಬೇಡಿ. ಎಲ್ಲಿದೆಯೋ ಅಲ್ಲೇ ಇರಲಿ.

ಸುಚಿತ್ರಾ

*

ಆಸ್ಪತ್ರೆ
13 ಮಾರ್ಚ್ 2025

ಸುಚಿತ್ರಾ,

ಹೆಣ್ಣುಮಗು ಎಂದು ಭಾನುವಾರ ಫೋನಿನಲ್ಲಿ ಮೋಹನ್ ನಿನಗೆ ಹೇಳಿದರು. ತಿಂಗಳು ತುಂಬುವ ಮುಂಚೆಯೇ ಬಂದುಬಿಟ್ಟಿದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ನಾನು ಗಾಜಿನಾಚೆಯಿಂದ ನೋಡುತ್ತೇನೆ, ಎದೆ ಏರಿತೇ, ಇಳಿಯಿತೇ, ಮತ್ತೆ ಏರಿತೇ. ಅಲ್ಲಿಂದ ಸರಿದರೆ ನಿಂತುಹೋಗುತ್ತದೇನೋ ಎಂದು ಸರಿಯುವುದಿಲ್ಲ. ಅಲ್ಲಿಯ ಸಿಸ್ಟರ್ ಬೆಟ್ಟಮ್ಮ, "ತಾತ, ಉಸಿರಾಡೋದು ಅವ್ಳ ಕೆಲ್ಸ, ನೀವು ಹೋಗಿ ತಿಂಡಿ ತಿನ್ನಿ" ಎಂದು ಗದರುತ್ತಾಳೆ. ತಾತ ಎಂದದ್ದು ಕೇಳಿ ಕಣ್ಣಲ್ಲಿ ನೀರು ಬಂತು, ಆ ಪದ ಕೇಳಿದರೆ ನನಗೆ ಇನ್ನೂ ಭಯ.

ಹೆರಿಗೆ ಕೋಣೆಗೆ ಕರೆದೊಯ್ಯುವ ಮುಂಚೆ ಗಗನ, "ಅಪ್ಪ, ಅಮ್ಮನ ನೀಲಿ ಬಟ್ಟೆ ತಗೊಂಬನ್ನಿ" ಎಂದಳು. ನೀನು ಕಳಿಸಿದ್ದು ನನ್ನ ಚೀಲದಲ್ಲೇ ಇತ್ತು. ತೆಗೆದುಕೊಟ್ಟೆ. ಮೂಸಿ ನೋಡಿ, "ಇದಲ್ಲ, ಡೆಟಾಲ್ ವಾಸನೆ. ಇನ್ನೊಂದು. ಬೀರುವಿನಲ್ಲಿರೋದು" ಎಂದಳು. ಆಟೋದಲ್ಲಿ ಸಿದ್ಧಾರ್ಥನಗರಕ್ಕೆ ಹೋಗಿ ತಂದೆ. ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೂ ಬೈದೆ. ಆ ಹಳೇ ತುಂಡು ಅವಳಿಗೆ ಯಾಕೆ ಬೇಕಾಯಿತೋ, ಕೇಳುವ ಧೈರ್ಯ ಬರಲಿಲ್ಲ. ಕೈಗೆ ಕೊಟ್ಟೆ, ಹೊಟ್ಟೆಗೆ ಅವುಚಿಕೊಂಡು ಹೋದಳು.

ಇನ್ನೂ ಏನೂ ಹೇಳುವ ಹಾಗಿಲ್ಲ ಎನ್ನುತ್ತಾರೆ.

ಅಪ್ಪ

*

ಸಿದ್ಧಾರ್ಥನಗರ, ಮೈಸೂರು
8 ಏಪ್ರಿಲ್ 2025

ಅಕ್ಕ,

ಈ ಸಲ ಕಾಗದ ನಾನು ಬರೆಯುತ್ತಿದ್ದೇನೆ. ಆಶ್ಚರ್ಯ ಪಡಬೇಡ. ಅಪ್ಪ ಬಚ್ಚಲು ಉಜ್ಜುವ ಹೊತ್ತಿಗೇ ಮಂಟಯ್ಯ ಬರುವುದು. ನಾನು ಆಸ್ಪತ್ರೆ ಸೇರುವ ತನಕ ನಿನ್ನ ಕವರುಗಳನ್ನೆಲ್ಲ ನನ್ನ ಕೈಗೇ ಕೊಡುತ್ತಿದ್ದರು, ನಾನು ಒಡೆಯದೆ ಅಪ್ಪನ ಪೇಪರಿನ ಕೆಳಗೆ ಇಡುತ್ತಿದ್ದೆ. ಪಾರ್ಸೆಲ್ ಬಂದ ದಿನ ನಾನು ಮಲಗಿದ್ದೆ, ಅದೊಂದು ನೇರ ಅಪ್ಪನಿಗೇ ಸಿಕ್ಕಿದ್ದು. ನೀವಿಬ್ಬರೂ ನನ್ನಿಂದ ಭಯ ಮುಚ್ಚಿಡುತ್ತಿದ್ದಿರಿ, ನನಗೆ ಗೊತ್ತಿರುವುದನ್ನು ನಾನು ಮುಚ್ಚಿಡುತ್ತಿದ್ದೆ. ಅಪ್ಪನಿಗೆ ಹೇಳಿಕೊಳ್ಳಲು ಯಾರಾದರೂ ಇರಲಿ ಎಂದು ಸುಮ್ಮನಿದ್ದೆ.

ಬಟ್ಟೆಯ ವಿಷಯ ನೀನು ಊಹಿಸಿದ್ದೀಯ ಎಂದು ಅಪ್ಪ ಹೇಳಿದರು. ಹೌದು, ನಾನು ಮರೆತು ಬಿಟ್ಟದ್ದಲ್ಲ. ಮಗುವಿನ ಮಾತೇ ಬೇಡ ಎಂದವಳು ನಾನು. ಆಡಿದರೆ ಹೋಗಿಬಿಡುತ್ತದೆ ಎಂಬ ಹೆದರಿಕೆ ಅಕ್ಕ. ಮಗು ಒಳಗೆ ಒದ್ದಾಗಲೂ ಅದನ್ನು ಗಮನಿಸಿಯೇ ಇಲ್ಲ ಎನ್ನುವ ಹಾಗೆ ಟಿವಿ ನೋಡುತ್ತಿದ್ದೆ. ನೀನು ಫೋನಿನಲ್ಲಿ ಆ ಹಬ್ಬದ ಕತೆ ಹೇಳಿದಾಗ ಹೂಂ ಎಂದೆ, ಅಷ್ಟೆ. ಹಬ್ಬದ ಹಿಂದಿನ ಸಂಜೆ ದೀಪ ಹಚ್ಚಿದ ಮೇಲೆ ಯಾಕೋ ಬೀರು ತೆಗೆದೆ. ಆ ಬ್ರಿಜಿಡ್ ಸಮುದ್ರ ದಾಟಿ ಇಲ್ಲಿಗೆ ಬರುತ್ತಾಳೋ ಇಲ್ಲವೋ, ಅಮ್ಮನಾದರೂ ಈ ದಾರಿಯಲ್ಲಿ ಬಂದರೆ ತನ್ನ ಸೀರೆಯ ಗುರುತು ಹಿಡಿಯುತ್ತಾಳೆ ಎಂದುಕೊಂಡು ದಾಸವಾಳದ ಮೇಲೆ ಹಾಕಿದೆ. ಆ ಮಗು ನನಗೆ ಬೇಕು ಎಂದು ಮೊದಲ ಸಲ ಹೊರಗೆ ಒಪ್ಪಿಕೊಂಡದ್ದು ಅವತ್ತು, ಅದೂ ಒಂದು ಗಿಡದ ಎದುರಿಗೆ. ಬೆಳಿಗ್ಗೆ ಅಪ್ಪ ಬೈದಾಗ ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ಅತ್ತುಬಿಡುತ್ತಿದ್ದೆ.

ಪಾಪ, ಡೆಟಾಲ್ ಹಾಕಿ ಒಗೆದದ್ದನ್ನು ಅಪ್ಪ ಮೊನ್ನೆ ತಲೆತಗ್ಗಿಸಿಕೊಂಡು ನನಗೆ ಹೇಳಿದರು. ನೀನು ಕಳಿಸಿದ ಅರ್ಧವೂ ವ್ಯರ್ಥವಾಗಿಲ್ಲ ಎಂದು ನೋರಾ ಅಜ್ಜಿಗೆ ತಿಳಿಸು. ಗಾಜಿನ ಪೆಟ್ಟಿಗೆಯ ಹತ್ತಿರ ನನ್ನ ತುಂಡನ್ನು ಬಿಡುವುದಿಲ್ಲ, ಶುದ್ಧವಾದದ್ದೇ ಆಗಬೇಕು ಎಂದು ಬೆಟ್ಟಮ್ಮ ಸಿಸ್ಟರ್ ಹಟ ಹಿಡಿದರು. ಮಗುವಿನ ಮೈಗೆ ಮೊದಲು ಸುತ್ತಿದ್ದು ಅಪ್ಪ ಒಗೆದದ್ದನ್ನೇ.

ಮೊನ್ನೆ ಮನೆಗೆ ಬಂದೆವು. ಇವರು ಗೇಟಿಗೆ ಆಟೋ ನಿಲ್ಲಿಸಿದರು. ಮಗುವನ್ನು ಎರಡೂ ತುಂಡುಗಳಲ್ಲಿ ಸುತ್ತಿ ಎತ್ತಿಕೊಂಡಿದ್ದೆ. ತಿಮ್ಮಮ್ಮತ್ತೆ ಕೆಂಪು ನೀರಿನ ತಟ್ಟೆ ಹಿಡಿದು, "ನಿಂತ್ಕೊ ಅಲ್ಲೇ, ದೃಷ್ಟಿ ತೆಗೀಬೇಕು" ಎಂದರು. ನೋಡಿದರೆ ಬಾಗಿಲು ಅರ್ಧ ಮುಚ್ಚಿದೆ. ಒಳಗಡೆ ಅಪ್ಪ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಅಮ್ಮಾ ಅಪ್ಪಾ ಎನ್ನುತ್ತಾ, ಆ ಮಂಡಿಯನ್ನು ಮಡಿಸಿ ಹೊಸಿಲ ಎದುರಿಗೆ ಕೂರುತ್ತಿದ್ದಾರೆ.

"ಅಪ್ಪಾ, ಏನ್ ಮಾಡ್ತಿದೀರಿ? ಎದ್ದೇಳಿ."

"ಹೊರಗಿರೋಳು ನೀನು ಕೇಳ್ಬೇಕಲ್ಲ. ಕೇಳು."

ನನಗೆ ನಾಚಿಕೆ. ಪಕ್ಕದ ಮನೆಯವರೆಲ್ಲ ಕಾಂಪೌಂಡಿಗೆ ಬಂದು ನಿಂತಿದ್ದಾರೆ. ಆದರೂ ಹೇಳಿದೆ, "ಬಾಗ್ಲು ತೆಗೀರಿ. ಅವ್ಳು ಬಂದಿದಾಳೆ."

ಅಪ್ಪ ಬಾಗಿಲನ್ನು ಪೂರ್ತಿ ತೆರೆದರು. "ಬರ್ಲಿ ಕಣಮ್ಮ. ಅವ್ಳದೇ ಮನೆ."

"ಇದ್ಯಾವ ಸಾಸ್ತ್ರ ಬುಡು ಚೆಲುವಾ" ಎಂದರು ಅತ್ತೆ, ಅವರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅಪ್ಪನಿಗೆ ಏಳಲು ಆಗಲಿಲ್ಲ, ಇವರೇ ಎತ್ತಿ ಕುರ್ಚಿಗೆ ಕೂರಿಸಿದರು. ಈಗ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾರೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇನ್ನೂ ಎದೆ ಏರುವುದನ್ನು ಇಳಿಯುವುದನ್ನು ನೋಡುತ್ತಿದ್ದಾರೆ. ಅದು ಅವರನ್ನು ಬಿಡುವ ಚಟವಲ್ಲ. ಗೇಟಿನ ಚಿಲಕದ ಬನಿಯನ್ನೂ ಹಾಗೇ ಇದೆ.

ಮುಗಿಸುವ ಮುಂಚೆ ಪೆನ್ನು ಕೊಡು, ಒಂದು ಸಾಲು ಬಾಕಿ ಇದೆ ಎನ್ನುತ್ತಿದ್ದಾರೆ. ಕೊಡುತ್ತಿದ್ದೇನೆ.

ನಿನ್ನ ತಂಗಿ,
ಗಗನ

ಸುಚಿತ್ರಾ, ಇಲ್ಲಿ ಎಲ್ಲರೂ ಕ್ಷೇಮ.

ಅಪ್ಪ